ಮಾಳಿಗೆಯ ಮೇಲಿನ ಹಲ್ಲು

ಸಿಂದಗಿ
೧೨ ಮಾರ್ಚ್ ೨೦೦೭

ಪ್ರೀತಿಯ ಸುವರ್ಣಾ,

ಸಿಂದಗಿ ತಾಲ್ಲೂಕಿನ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಮಗಳು ವಿಜಯಲಕ್ಷ್ಮಿಯ ಮೇಲಿನ ಸಾಲಿನ ಮುಂದಿನ ಹಲ್ಲು ಆರು ವರ್ಷ ಪ್ರಾಮಾಣಿಕ ಸೇವೆ ಸಲ್ಲಿಸಿ, ಕಳೆದ ಗುರುವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ರೊಟ್ಟಿ ಕಡಿಯುವ ಕರ್ತವ್ಯದಲ್ಲಿದ್ದಾಗಲೇ ನಿವೃತ್ತಿ ಹೊಂದಿತು. ಸನ್ಮಾನ ಸಮಾರಂಭ ನಡೆಯಲಿಲ್ಲ.

ನಿನಗೆ ಇದು ಹಳೇ ಸುದ್ದಿ. ನಿಮ್ಮಣ್ಣ ಬಸಂತರಾಯನಿಗೆ ಫೋನಿನಲ್ಲಿ ಹೇಳಿದ್ದೆ. ಪಂಚಮಿಯಿಂದ ಈಚೆಗೆ ನೀನು ನನ್ನ ಸಂಗಡ ಮಾತಾಡುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ನೀನು ಪುಣೆಯಲ್ಲಿ ಅಣ್ಣನ ಮನೆಯಲ್ಲಿದ್ದು ಎರಡು ತಿಂಗಳು ಆಸ್ಪತ್ರೆಯ ಬಾಗಿಲು ಕಾಯ್ದು, ಹತ್ತು ಮಕ್ಕಳ ಪ್ರಯೋಗದಲ್ಲಿ ಹತ್ತನೆಯವಳಾಗಿ ವಿಜ್ಜಿಯ ಹೆಸರು ಹಚ್ಚಿಸಿದೆ. ಹಾಲುಹಲ್ಲಿನ ತಿರುಳಿನಿಂದ ಸ್ಟೆಮ್ ಸೆಲ್ ತೆಗೆದು ಬೆಳೆಸಿ, ತಲೆಬುರುಡೆಯಲ್ಲಿ ಎಲುಬಿಲ್ಲದ ಜಾಗಕ್ಕೆ ಹಚ್ಚಿ ನೋಡುತ್ತೇವೆ, ಎಲುಬು ಬೆಳೆದರೂ ಬೆಳೆದೀತು ಅಂದಿದ್ದರು ಡಾಕ್ಟರು. ಅವ್ವನಿಗೆ ಇದನ್ನು ತಿಳಿಸಿ ಹೇಳಲು ನನಗೆ ಮೂರು ದಿನ ಹಿಡಿಯಿತು. ಸೆಲ್ಲಂದ್ರ ಬ್ಯಾಟರಿಗೆ ಹಾಕೂವಲ್ಲೇನೋ ತಮ್ಮಾ, ಕೂಸಿನ ತಲ್ಯಾಗ ಯಾಕ, ಅಂತ ಕೇಳಿದಳು.

ಹಲ್ಲು ಬಿದ್ದ ಕೂಡಲೇ ಹಾಕಿಡಲೆಂದು ನೀನು ಕಳಿಸಿದ ಗುಲಾಬಿ ಬಣ್ಣದ ಔಷಧದ ನೀರಿನ ಬಾಟಲಿ ಮಾನಪ್ಪನ ಅಂಗಡಿಯ ಫ್ರಿಜ್ಜಿನಲ್ಲಿ ಇನ್ನೂ ಹಾಗೇ ಇದೆ. ಗಿರಾಕಿಗಳು ಕೇಳಿ ಕೇಳಿ ಸಾಕಾಗಿ, ಅವನು ಅದರ ಮೇಲೆ 'ಇದು ಶರಬತ್ತಲ್ಲ' ಅಂತ ಚೀಟಿ ಅಂಟಿಸಿದ್ದಾನೆ.

ಹಲ್ಲನ್ನು ಅವ್ವ ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಒಗೆದಳು ಅಂತಲೂ ಬಸಂತರಾಯನಿಗೆ ಹೇಳಿದ್ದೆ. ನಮ್ಮಲ್ಲಿ ಎಲ್ಲರ ಹಲ್ಲೂ ಹೋಗುವುದು ಅಲ್ಲಿಗೇ. ಅದನ್ನು ಕೇಳಿ ನೀನು ಅತ್ತೆಯ ಮಾರಿ ನೋಡುವುದಿಲ್ಲ ಅಂದೆಯಂತೆ. ಶುಕ್ರವಾರ ನಾನೂ ಪಕ್ಕದ ಮನೆಯ ಬಾಬುಲಾಲನೂ ಜರಡಿ ಹಿಡಿದು ಮಾಳಿಗೆಯ ಮಣ್ಣು ಸೋಸಿದೆವು. ಒಂದು ಮೊಳೆ, ಎರಡು ಗೋಲಿ, ಮೂರು ಹಲ್ಲು ಸಿಕ್ಕವು. ಒಂದು ವಿಜ್ಜಿಯದು. ಉಳಿದವುಗಳಲ್ಲಿ ಒಂದು ನನ್ನದೇ ಇರಬೇಕು. ಒಣಗಿದ ಹಲ್ಲು ನಡೆಯುವುದಿಲ್ಲ ಅಂದರು ಡಾಕ್ಟರು. ಶನಿವಾರ ವಿಜ್ಜಿಯ ಜಾಗ ಬೇರೊಂದು ಕೂಸಿಗೆ ಹೋಯಿತು. ಆ ಕೂಸಿಗಾದರೂ ಒಳ್ಳೆಯದಾಗಲಿ ಅಂತ ಬರೆಯಬೇಕು. ಬರೆದಿದ್ದೇನೆ. ಇನ್ನೂ ಮನಸ್ಸಿಗೆ ಬಂದಿಲ್ಲ.

ಪಂಚಮಿಯ ದಿನ ಜೋಕಾಲಿ ತೂಗಿದವನು ನಾನು. ಇನ್ನೂ ಮ್ಯಾಲೆ ಅಂದಳು, ತೂಗಿದೆ, ಬಿದ್ದಳು. ಈಗ ಅವಳ ಎಡಗಿವಿಯ ಮೇಲೆ, ಸೊಲ್ಲಾಪುರದ ಡಾಕ್ಟರು ಒಡೆದ ಎಲುಬು ತೆಗೆದಲ್ಲಿ, ಚರ್ಮ ಉಸಿರಾಡಿದ ಹಾಗೆ ಏರಿಳಿಯುತ್ತದೆ. ತಲೆ ಬಾಚುವಾಗ ನನ್ನ ಕೈ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಬಾಚಪಾ, ಅದೇನು ಕಚ್ಚೂದಿಲ್ಲ ಅಂತಾಳೆ.

ನಿನ್ನವನು ಅಂತ ಬರೆಯಲು ಇನ್ನೂ ಪರವಾನಗಿ ಇದ್ದರೆ,
ನಿನ್ನವನು
ಶ್ರೀಶೈಲ

ತಾ.ಕ.: ಹಲ್ಲು ಒಗೆದದ್ದು ಅವ್ವ ಅಲ್ಲ. ನಾನು ಬಾಟಲಿ ತರಲು ಹೊರಟಿದ್ದೆ. ವಿಜ್ಜಿ ಅಂಗಿ ಹಿಡಿದು ನಿಲ್ಲಿಸಿದಳು. ಸಾಲಿ ಬ್ಯಾಡಂದ್ರಿ, ಓಡಬ್ಯಾಡಂದ್ರಿ, ಹಲ್ಲರೆ ಒಗೀತೀನಿ, ಇಲ್ಲಂದ್ರ ಹೊಸಾದು ಬರೂದಿಲ್ಲಪಾ, ಅಂದಳು. ಎಂಟು ತಿಂಗಳಲ್ಲಿ ಅವಳು ಕೇಳಿದ್ದು ಅದೊಂದೇ. ಇನ್ನೊಂದು ಹಲ್ಲು ಬಿದ್ದೇ ಬೀಳುತ್ತದೆ ಅಂದುಕೊಂಡೆ. ಜಾಗ ಕಾಯುವುದಿಲ್ಲ ಅನ್ನುವುದು ಹೊಳೆಯಲಿಲ್ಲ. ನಾನೇ ಎತ್ತಿ ಹಿಡಿದು ಒಗೆಸಿದೆ. ಆಮೇಲೆ ಅವ್ವ ಅಂದಳು: ನನ್ನ ಮ್ಯಾಲೆ ಹಾಕು, ಸೊಸಿ ಅತ್ತಿ ಮ್ಯಾಲೆ ಸಿಟ್ಟಾದ್ರ ಊರಾಗ ಯಾರೂ ಯಾಕಂತ ಕೇಳೂದಿಲ್ಲ, ನಿನಗ ಇನ್ನೊಂದು ತಪ್ಪು ಹೊರಾಕ ಆಗೂದಿಲ್ಲ. ನಾನು ಹಾಕಿದೆ.

ಈ ರವಿವಾರ ಹತ್ತಕ್ಕೆ ಮಾನಪ್ಪನ ಅಂಗಡಿಗೆ ಫೋನ್ ಮಾಡು. ನನ್ನನ್ನು ಕರೆಯುವುದು ಬೇಡ, ಅವ್ವನನ್ನು ಕರೆಸು. ಬಲಗಿವಿಗೆ ಹಿಡಿ ಅಂತ ಮಾನಪ್ಪನಿಗೆ ಹೇಳು, ಆಕೆಗೆ ಎಡಗಿವಿ ಕೇಳಿಸುವುದಿಲ್ಲ.