ಏಳು ಮಬ್ಬು ಮುಖಗಳು

ನೀರಲಬಾವಿ ಊರು.
ಗೋಡೆ ಹಿಗ್ಗಿದ ತೊಂಬತ್ತೊಂದನೆಯ ವರ್ಷ, ಎರಡನೆಯ ಶ್ರಾವಣದ ಮೂವತ್ತಮೂರನೆಯ ದಿನ.

ಕೂಡಿದ ಸಭಿಕರೇ, ಮುಂದಿನ ಚಾಪೆಯ ಹಿರಿಯರೇ, ಹಿಂದಿನ ಸಾಲಿನ ತಾಯಂದಿರೇ, ಆಟ ಶುರುವಾದ ಮೇಲೆ ಕೂತರಾಯಿತೆಂದು ಕಂಬಕ್ಕೆ ಒರಗಿ ನಿಂತವರೇ, ಇನ್ನೂರ ಅರವತ್ತು ವರ್ಷ ಹಿಂದೆ ಬದುಕುತ್ತಿರುವ ನೀವೆಲ್ಲರೂ ಈ ಓಲೆಯನ್ನು ಕೇಳಬೇಕು. ನಾನು ಗೂಳಪ್ಪ. ಈ ಊರಿನ ನಾಟಕದ ಮನೆಯಲ್ಲಿ ರಾಜನ ಪಾರ್ಟು ಮಾಡಿ ಮಾಡಿ ಗಂಟಲು ಬಲಿಸಿಕೊಂಡವನು. ಮೈಕಿಲ್ಲದೆ ನನ್ನ ಮಾತು ಕೊನೆಯ ಸಾಲು ಮುಟ್ಟುತ್ತದೆ. ಅರವತ್ತೆಂಟು ತುಂಬಿದವು, ಧ್ವನಿ ಇನ್ನೂ ಹಾಗೇ ಇದೆ, ಅದರ ಯಜಮಾನ ಮಾತ್ರ ದಣಿದಿದ್ದಾನೆ. ಮೇಲಿನ ದಿನಾಂಕ ನಿಮಗೆ ತಮಾಷೆಯಾಗಿ ಕಂಡರೆ ತಪ್ಪಿಲ್ಲ. ಬೇಸಿಗೆ ಉದ್ದವಾದಂತೆ ನಮ್ಮ ತಿಂಗಳುಗಳನ್ನೂ ಉದ್ದ ಮಾಡಿಕೊಂಡೆವು, ಅಷ್ಟೇ. ನನ್ನ ಕೆಲವು ಮಾತುಗಳೂ ನಿಮಗೆ ಹೊಸವು. ಹೋಗುತ್ತ ಹೋಗುತ್ತ ಬಿಡಿಸಿ ಹೇಳುತ್ತೇನೆ, ಅಲ್ಲಿಯವರೆಗೆ ಕ್ಷಮೆ ಇರಲಿ.

ನಮ್ಮ ಊರಿನ ಮೇಲೆ ಓಣಿಯಿಂದ ಓಣಿಗೆ ಬಿಸಿಲುಹೊದಿಕೆ ಕಟ್ಟಿದೆ. ಹಳೆಯ ರಂಗಪರದೆಯಷ್ಟು ದಪ್ಪನೆಯ ಬಿಳಿ ಬಟ್ಟೆ ಅದು. ಸಂತೆ ಸೂರ್ಯ ಮೂಡುವ ಮೊದಲೇ ಮುಗಿಯುತ್ತದೆ. ಸಜ್ಜೆಯ ಗಂಜಿ ಕುಡಿದು ಜನ ನಾಟಕದ ಮನೆಗೆ ಬರುತ್ತಾರೆ, ಏಕೆಂದರೆ ಊರಿನ ಬೆಳಕುಗೋಡೆ ಇರುವುದು ಅಲ್ಲಿಯೇ, ರಂಗದ ಹಿಂದೆ. ನೀವು ಕಂಪ್ಯೂಟರಿನ ಸ್ಕ್ರೀನ್ ಎನ್ನುವುದನ್ನು ಒಂದು ಮನೆಯ ಗೋಡೆಯಷ್ಟು ಮಾಡಿದರೆ ಅದು ಬೆಳಕುಗೋಡೆ. ಅದರಲ್ಲಿ ತೆರೆದಿರುವುದು ಒಂದೇ ಕಿಟಕಿ. ನೀವು ಬ್ರೌಸರ್ ಎನ್ನುತ್ತಿದ್ದಿರಿ. ಕಿಟಕಿಯ ಮೇಲಂಚಿನಲ್ಲಿ ಬಲಗಡೆ ಸಾಲಾಗಿ ನಿಂತವರು ಕೈಯಾಳುಗಳು. ನಿಮ್ಮ ಬಾಯಲ್ಲಿ ಎಕ್ಸ್‌ಟೆನ್ಶನ್. ಒಬ್ಬೊಬ್ಬ ಕೈಯಾಳಿಗೆ ಒಂದೊಂದು ಪುಟ್ಟ ಚಿತ್ರ, ಅದನ್ನು ನಾವು ಮುಖ ಎನ್ನುತ್ತೇವೆ. ಒಂದು ಮುಖ ಒತ್ತಿದರೆ ಕೆರೆಯ ತೂಬು ತೆರೆಯುತ್ತದೆ, ಇನ್ನೊಂದು ಒತ್ತಿದರೆ ಹುಟ್ಟಿದ ಕೂಸಿನ ಹೆಸರು ಊರಿನ ಪಟ್ಟಿಗೆ ಸೇರುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರ ಮನೆಗೆ ತಿಂಗಳಿಗೊಮ್ಮೆ ಮದ್ದಿನ ಬಂಡಿ ತಾನಾಗಿ ಬಂದು ನಿಲ್ಲುತ್ತದೆ. ಹೆಸರಿಲ್ಲದವರ ಬಾಗಿಲಿಗೆ ಅದು ಬರುವುದಿಲ್ಲ. ಬಂಡಿಗೆ ಕೈಮುಗಿದರೂ ಅಷ್ಟೇ, ಅಡ್ಡ ಮಲಗಿದರೂ ಅಷ್ಟೇ.

ತೊಂಬತ್ತೊಂದು ವರ್ಷದ ಹಿಂದೆ ಗೋಡೆ ಬಾಗಿಲಿನಷ್ಟೇ ಇತ್ತಂತೆ. ಮುದುಕರ ಕಣ್ಣಿಗೆ ಕಾಣಲಿ ಎಂದು ಅದನ್ನು ಹಿಗ್ಗಿಸಿದರು. ಅಕ್ಷರಗಳು ಚೂಪಾಗಿಯೇ ದೊಡ್ಡವಾದವು. ಫೋಟೋಗಳು ದೊಡ್ಡವಾದವು. ಮೂಲೆಯ ಮುಖಗಳು ಮಾತ್ರ ಒದ್ದೆ ಹೆಬ್ಬೆಟ್ಟಿನಿಂದ ಒರೆಸಿದ ಹಾಗೆ ಮಬ್ಬಾದವು. ಮೊದಲಿನವರಿಗೆ ಯಾವುದು ಏನೆಂದು ನೆನಪಿತ್ತು. ಅವರು ಹೋದ ಮೇಲೆ ಉಳಿದದ್ದು ಸ್ಥಾನ ಮಾತ್ರ: ಬಲದಿಂದ ಎರಡನೆಯದು ಹೆಸರು ಸೇರಿಸುವುದು, ಮೂರನೆಯದು ತೂಬು, ನಾಲ್ಕನೆಯದು ವರ್ಷಕ್ಕೊಮ್ಮೆ ಆಗಬೇಕಾದ ಹೆಸರಿನ ನವೀಕರಣ, ಐದನೆಯದು ಸತ್ತವರ ಹೆಸರು ತೆಗೆಯುವುದು. ಬೆರಳು ಹತ್ತಿರ ಹಿಡಿದರೆ ಹೆಸರು ತೋರುವ ಸೌಕರ್ಯ ನಿಮಗಿತ್ತೆಂದು ಕೇಳಿದ್ದೇನೆ. ನಮ್ಮ ಗೋಡೆಗೆ ಬೆರಳು ತಾಗಿತೆಂದರೆ ಒತ್ತಿದ ಹಾಗೆಯೇ.

ಆದ್ದರಿಂದ ಊರಿಗೊಬ್ಬ ಮುಖ ಹೇಳುವವನು ಬೇಕಾಯಿತು. ನನ್ನ ಸೋದರಮಾವ ಆ ಕೆಲಸ ಮಾಡಿದ, ಅವನ ನಂತರ ನಾನು. ಯಾವ ಮುಖದಲ್ಲಿ ಮೊದಲು ಯಾವ ಚಿತ್ರವಿತ್ತೆಂದು ಅವನು ನನಗೆ ಬಾಯಿಪಾಠ ಮಾಡಿಸಿದ್ದ: ತೂಬಿಗೆ ಗಡಿಗೆ, ನವೀಕರಣಕ್ಕೆ ದೀಪ, ತೆಗೆಯುವುದಕ್ಕೆ ಕಸಬರಿಗೆ, ಸೇರಿಸುವುದಕ್ಕೆ ತೆರೆದ ಬಾಗಿಲು. ನಾನು ಕಂಡದ್ದು ಬೂದು ಕಲೆಗಳನ್ನು ಮಾತ್ರ. ಆದರೂ ದಿನಾ ಬೆಳಿಗ್ಗೆ ರಂಗದ ಮೇಲೆ ನಿಂತು, ಬಲಗೈ ಎತ್ತಿ, ಇದೋ ದೀಪ ಎಂದು ಗರ್ಜಿಸುತ್ತಿದ್ದೆ. ದೀಪವಾಗಲಿ ಕಸಬರಿಗೆಯಾಗಲಿ, ಒತ್ತಿದಾಗ ಗೋಡೆ ಸರದಿ ಬಂದ ಒಬ್ಬರ ಹೆಸರು ತೋರಿಸಿ 'ಖಚಿತವೇ' ಎಂದಷ್ಟೇ ಕೇಳುತ್ತದೆ. ಆಗ ಇಡೀ ಸಭೆ ಒಂದೇ ಉಸಿರಿಗೆ 'ಹೌದು' ಎನ್ನಬೇಕು, ಅದು ನಮ್ಮ ಪದ್ಧತಿ. ಅಷ್ಟು ಬಾಯಿಗಳು ಹೌದೆಂದಾಗ ಮೈ ಜುಮ್ಮೆನ್ನುತ್ತಿತ್ತು. ಕಣ್ಣಿಗೆ ಕಾಣದ್ದನ್ನು ಗಂಟಲಿನಿಂದ ತೋರಿಸುತ್ತಿದ್ದೆ ಎಂದು ಈಗ ಅನಿಸುತ್ತದೆ.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಎಂಟಿದ್ದ ಮುಖಗಳು ಏಳಾಗಿದ್ದವು. ಯಾವುದೋ ಒಂದು ಕೈಯಾಳು ಹಳತಾಯಿತೆಂದು ಗೋಡೆಯೇ ತೆಗೆದುಹಾಕಿತ್ತು, ಉಳಿದವರು ಒತ್ತೊತ್ತಾಗಿ ಸರಿದು ನಿಂತಿದ್ದರು. ಸಾಲು ಗಿಡ್ಡವಾದದ್ದು ನನ್ನ ಕಣ್ಣಿಗೆ ಬಿತ್ತು. ಸುಳ್ಳು ಹೇಳುವುದಿಲ್ಲ, ಬಿತ್ತು. ಆದರೆ ಕೈ ಎತ್ತಿಯಾಗಿತ್ತು, ಮಾತು ಅರ್ಧಕ್ಕೆ ಬಂದಿತ್ತು. ನಾಟಕದವನಿಗೆ ನಡುವೆ ನಿಲ್ಲಿಸುವುದೆಂದರೆ ಸಾವು. ನಾಲ್ಕನೆಯದನ್ನು ಒತ್ತಿದೆ. ಗೋಡೆ 'ಮೌಲಾಲಿ ದಸ್ತಗೀರಸಾಬ, ಖಚಿತವೇ' ಎಂದಿತು. ಸಭೆ ಹೌದೆಂದಿತು. ಮೌಲಾಲಿಯೂ ಎಲ್ಲರಿಗಿಂತ ಜೋರಾಗಿ ಹೌದೆಂದ. ನಾಲ್ಕನೆಯ ಜಾಗಕ್ಕೆ ಕಸಬರಿಗೆ ಸರಿದು ಬಂದಿತ್ತು.

ಮೌಲಾಲಿ ನಮ್ಮ ನಾಟಕ ಕಂಪನಿಯ ಹಾರ್ಮೋನಿಯಂ ಬಾರಿಸುವವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ನಲವತ್ತು ವರ್ಷ ನನ್ನ ಹಾಡುಗಳ ಕೆಳಗೆ ಅವನ ಶ್ರುತಿ ಇದೆ. ಹೊದಿಕೆಯ ಧೂಳು ತಿಂದು ಅವನ ಎದೆ ಕೆಟ್ಟಿದೆ. ಉಸಿರುಮದ್ದು ಇಲ್ಲದಿದ್ದರೆ ಏರು ಹತ್ತಲಾರ, ಕೊನೆಗೆ ಉಸಿರೇ ಆಡಲಾರ. ಪಟ್ಟಿಯ ಪ್ರಕಾರ ಅವನೀಗ ಸತ್ತಿದ್ದಾನೆ. ಬಂಡಿ ಅವನ ಮನೆಯನ್ನು ದಾಟಿ ಹೋಗುತ್ತದೆ. ನನ್ನ ಹೆಂಡತಿ ತೋಟವ್ವನಿಗೂ ಅದೇ ಕಾಯಿಲೆ. ಅವಳು ತನ್ನ ಮದ್ದಿನಲ್ಲಿ ಅರ್ಧ ಅವನಿಗೆ ಕೊಡುತ್ತಾಳೆ. ಈಗ ಇಬ್ಬರೂ ಅರ್ಧರ್ಧ ಉಸಿರಾಡುತ್ತಾರೆ. ಹೋದದ್ದು ಯಾವ ಮುಖವೆಂದು ತಿಳಿಯದಾದ್ದರಿಂದ ತೆರೆದ ಬಾಗಿಲು ಈಗ ಯಾವ ಜಾಗದಲ್ಲಿದೆ ಎಂದು ನಾನು ಹೇಳಲಾರೆ. ತಪ್ಪು ಒತ್ತಿದರೆ ಇನ್ಯಾರ ಹೆಸರು ಅಳಿಯುತ್ತದೋ.

ಅವನ ಮನೆಗೆ ಹೋಗಲು ನನಗೆ ಕಾಲು ಬರಲಿಲ್ಲ. ಅವನೇ ಬಂದ, ದಾರಿಯ ಕಟ್ಟೆಗಳ ಮೇಲೆ ಎರಡು ಸಲ ಕೂತು ಸುಧಾರಿಸಿಕೊಂಡು. ತೋಟವ್ವ ಚಹಾ ತಂದಳು, ಅವನು ಇನ್ನಷ್ಟು ಸಕ್ಕರೆ ಕೇಳಿ ಹಾಕಿಸಿಕೊಂಡ.

"ಸತ್ತಾಂವಗ ಚಾ ಕೊಡ್ತಿಯಲ್ಲ ತಂಗೀ, ಮಂದಿ ಏನಂದಾರು?" ಎಂದ.

"ಸತ್ತಾಂವ ಹಿಂಗ ಸಕ್ಕರಿ ಕೇಳ್ತಾನೇನು, ಸುಮ್ಮ ಕುಡಿ," ಎಂದಳು ಅವಳು.

"ಗೂಳಣ್ಣ, ಮಾರಿ ಯಾಕ ಆ ಕಡೆ ತಿರುಗಸ್ತಿ? ನೀ ಒತ್ತಿದಿ ಖರೇ. ಹೌದು ಅಂದಾಂವ ನಾನ ಅಲ್ಲೇನೋ."

ಆ ದಿನದಿಂದ ತೋಟವ್ವ ಮುಖಗಳ ಮಬ್ಬು ಬಿಡಿಸುವ ದಾರಿ ಹುಡುಕಲು ಕುಳಿತಳು. ಅವಳು ಒಂದು ಕಾಲದ ನಮ್ಮ ನಾಯಕಿ, ಆಮೇಲೆ ರಂಗಪರದೆಗಳಿಗೆ ಚಿತ್ರ ಬರೆಯುವವಳು. ಕಿಟಕಿಯ ಒಳಗಿನ ಹಳೆಯ ಬರಹಗಳನ್ನು, ನಿಮ್ಮ ಕಾಲದ ಇಂಗ್ಲಿಷನ್ನು, ಪಾರ್ಟು ಬಾಯಿಪಾಠ ಮಾಡುವ ಹಾಗೆ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಹನ್ನೊಂದನೆಯ ದಿನ ನನ್ನನ್ನು ಕರೆದಳು. ನಿಮ್ಮಲ್ಲಿ ಒಬ್ಬರು, ಹೆಸರಿಲ್ಲ, ಒಂದು ಸಣ್ಣ ತಕರಾರು ಬರೆದಿದ್ದರು: ಸ್ಕ್ರೀನಿನ ಅಳತೆ ಬದಲಿಸಿದ ಮೇಲೆ ನನ್ನ ಎಕ್ಸ್‌ಟೆನ್ಶನ್‌ಗಳ ಚಿತ್ರಗಳು ಮಬ್ಬಾಗಿವೆ, ಏನು ಮಾಡಲಿ. ಕೆಳಗೆ ಇನ್ನೊಬ್ಬರ ಉತ್ತರ, ಎರಡೇ ಸಾಲು: ಚಿತ್ರಗಳು ಕೆಟ್ಟಿಲ್ಲ, ಹಳೆಯ ಅಳತೆಯವೇ ಉಳಿದುಕೊಂಡಿವೆ. ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ಸಭಿಕರೇ, ಆ ಎರಡು ಸಾಲನ್ನು ಮತ್ತೊಮ್ಮೆ ಓದಿಸಿಕೊಂಡೆ. ತೊಂಬತ್ತೊಂದು ವರ್ಷ ದೀಪ ದೀಪವಾಗಿಯೇ ಇತ್ತು, ಬಾಗಿಲು ಬಾಗಿಲಾಗಿಯೇ ಇತ್ತು. ಮುಚ್ಚಿ ತೆರೆಯುವುದೊಂದೇ ಬಾಕಿ. ಅದೊಂದನ್ನೇ ನಾವು ಮಾಡಬಾರದೆಂದು ಇಟ್ಟುಕೊಂಡಿದ್ದೆವು. ಕಿಟಕಿಯನ್ನು ಹೇಗೆ ತೆರೆಯುವುದೆಂದು ತಿಳಿದಿದ್ದ ಕೊನೆಯವರು ಹೋದಾಗ, ಇನ್ನು ಮುಚ್ಚಕೂಡದೆಂದು ಹಿರಿಯರು ನಿರ್ಣಯಿಸಿ, ಮುಚ್ಚುವ ಗುರುತಿನ ಮೇಲೆ ತಾಮ್ರದ ತಗಡು ಅಂಟಿಸಿದರು. ಕಸ ಗುಡಿಸುವವರೂ ಆ ಮೂಲೆಗೆ ಬಟ್ಟೆ ತಾಗಿಸುವುದಿಲ್ಲ.

ಯಜಮಾನಿ ಕಾಶವ್ವನ ಮುಂದೆ ವಿಷಯ ಇಟ್ಟೆವು. ಊರಿನಲ್ಲಿ ಕೊನೆಯ ಮಾತು ಅವಳದು.

"ಮುಚ್ಚಿದ ಮ್ಯಾಲ ತೆರೀಲಿಲ್ಲಂದ್ರ?" ಎಂದಳು. "ಒಬ್ಬನ ಹೆಸರಿನ ಸಲುವಾಗಿ ಊರಿಗೆ ಊರ ಹೆಸರು ಕಳಕೋಬೇಕೇನು, ಗೂಳಪ್ಪ? ನಿನ್ನ ಧ್ವನಿ ನಂಬಿ ಒಮ್ಮೆ ಕೆಟ್ಟೇವಿ."

ಮೌಲಾಲಿ ಎದ್ದು ನಿಂತ. "ಅವ್ವಾರ ಅನ್ನೂದು ಖರೇ ಐತಿ. ಹ್ಯಾಂಗೂ ಒಮ್ಮೆ ಸತ್ತೀನಿ, ಎರಡನೇದಕ್ಕ ಅಷ್ಟು ತ್ರಾಸ ಆಗಂಗಿಲ್ಲ." ಜನ ನಕ್ಕರು. ಅವನಿಗೆ ಕೆಮ್ಮು ಬಂತು, ನಗು ನಿಂತಿತು. ಕೆಮ್ಮು ನಿಲ್ಲಲಿಲ್ಲ. ತೋಟವ್ವ ತನ್ನ ಸೀಸೆ ತೆಗೆದು ಅವನ ಕೈಗಿಟ್ಟು ಕಾಶವ್ವನ ಕಡೆ ತಿರುಗಿದಳು.

"ನಿಮ್ಮ ನವೀಕರಣ ಯಾವಾಗ ಐತ್ರಿ ಯಜಮಾನ್ತಿ?"

"ಮುಂದಿನ ತಿಂಗಳ."

"ಆವಾಗ ಯಾವ ಮುಖ ಒತ್ತೋಣ?"

ಕಾಶವ್ವ ಗೋಡೆಯ ಕಲೆಗಳನ್ನು ಬಲದಿಂದ ಒಂದೊಂದಾಗಿ ಎಣಿಸಿದಳು. ಕೊನೆಗೆ, "ಮೊದಲು ಎಲ್ಲಾರ ಹೆಸರು ಕೈಲೆ ಬರೀರಿ. ತೆರೀಲಿಲ್ಲಂದ್ರ ನಾವು ಇದ್ದಿವಿ ಅಂತ ಒಂದು ಗುರುತಾದ್ರೂ ಇರ್ಲಿ," ಎಂದಳು. ಒಂಬತ್ತು ದಿನ ಬರೆದೆವು, ಕಂಪನಿಯ ಕಾಡಿನ ಚಿತ್ರದ ರಂಗಪರದೆಯ ಹಿಂಭಾಗದಲ್ಲಿ, ಸುಣ್ಣ ಮತ್ತು ಮಸಿ ಕಲಸಿ. ಮೊದಲ ಹೆಸರು ಮೌಲಾಲಿಯದು. ಇವತ್ತು ಮಧ್ಯಾಹ್ನ ಮುಗಿಯಿತು.

ತಕರಾರು ಬರೆದ ಆ ಒಬ್ಬರಿಗೆ ನನ್ನ ದೊಡ್ಡ ನಮಸ್ಕಾರ. ಇಷ್ಟಕ್ಕೆಲ್ಲ ಬರೆಯುತ್ತಾರೆಯೇ ಎಂದು ನಿಮ್ಮ ಮನೆಯವರು ನಕ್ಕಿರಬಹುದು. ಉತ್ತರ ಬರೆದವರಿಗೂ ನಮಸ್ಕಾರ, ಆದರೆ ನಿಮ್ಮ ಮೇಲೆ ಒಂದು ದೂರಿದೆ. ಆ 'ಸಾಮಾನ್ಯವಾಗಿ' ಎಂಬ ಮಾತು ಎಷ್ಟು ಸಲೀಸಾಗಿ ಬರೆದಿರಿ. ಅದರ ಆಚೆಗೆ ಏನಿದೆ ಎಂದು ಒಂದು ಸಾಲು ಸೇರಿಸಿದ್ದರೆ ನಿಮ್ಮ ಬೆರಳು ಸವೆಯುತ್ತಿರಲಿಲ್ಲ. 'ಮತ್ತೆ ತೆರೆಯಿರಿ' ಎಂದಿರಿ, ಎಲ್ಲಿ ಒತ್ತಿ ತೆರೆಯಬೇಕೆಂದು ಹೇಳಲಿಲ್ಲ. ಅದು ಯಾರಿಗೆ ಗೊತ್ತಿಲ್ಲ ಎಂದುಕೊಂಡಿರಿ. ಗೋಡೆಯ ಕೆಳಗಿನ ಅಂಚಿನಲ್ಲಿ ಯಾರೂ ಮುಟ್ಟದ ಒಂದು ದುಂಡು ಗುರುತಿದೆ. ಅದೇ ಇರಬೇಕೆಂದು ತೋಟವ್ವನ ಲೆಕ್ಕ. ಉಳಿದವರಲ್ಲಿ ಬೇಡುವುದು ಇಷ್ಟೇ: ಸಣ್ಣ ಚಿತ್ರ ಬರೆಯುವಾಗ ದೊಡ್ಡದನ್ನೂ ಬರೆದಿಡಿ, ಕೆಳಗೆ ಅದರ ಹೆಸರು ಬರೆಯಿರಿ. ನಾವು ಹೌದು ಎಂದಷ್ಟು ಸುಲಭವಾಗಿ ನೀವು ಹೌದು ಎನ್ನಬೇಡಿ.

ಆ ಎರಡು ಸಾಲಿನ ಕೆಳಗೆ ಉತ್ತರ ಬರೆಯಲು ಒಂದು ಖಾಲಿ ಚೌಕ ಇನ್ನೂ ಉಳಿದಿತ್ತು. ಈ ಓಲೆಯನ್ನು ಅದರಲ್ಲೇ ಬರೆದಿದ್ದೇನೆ. ಅದು ಹಿಂದಕ್ಕೆ ಹರಿದು ನಿಮ್ಮನ್ನು ಮುಟ್ಟುತ್ತದೋ ಇಲ್ಲೇ ಕೂತಿರುತ್ತದೋ ನನಗೆ ತಿಳಿಯದು. ಓದಿ ಹೇಳಿದಾಗ ತೋಟವ್ವ, "ಇಷ್ಟು ದಿನ ಮಂದಿ ಗ್ವಾಡಿ ನೋಡಿ ಹೂಂ ಅನ್ನಲಿಲ್ಲರೀ, ನಿಮ್ಮ ಧ್ವನಿ ಕೇಳಿ ಅಂದ್ರು. ಅದೇ ಧ್ವನೀಲೆ ನನಗ ಗೊತ್ತಿಲ್ಲ ಅನ್ರಿ ನೋಡೋಣ," ಎಂದಳು. ಮನೆಯಲ್ಲಿ ಎರಡು ಸಲ ಅಂದು ನೋಡಿದೆ. ಎರಡೂ ಸಲ ಧ್ವನಿ ಹೊಸಿಲು ದಾಟಲಿಲ್ಲ.

ನಾಳೆ ಬೆಳಿಗ್ಗೆ ಗಂಜಿ ಕುಡಿದು ಜನ ಕೂಡಿದ ಮೇಲೆ ರಂಗ ಹತ್ತುತ್ತೇನೆ. ಕೈ ಎತ್ತುವುದಿಲ್ಲ. ಈ ಏಳು ಮುಖಗಳಲ್ಲಿ ಒಂದೂ ನನಗೆ ಗೊತ್ತಿಲ್ಲ, ಎಂದೂ ಗೊತ್ತಿರಲಿಲ್ಲ ಎಂದು ಕೊನೆಯ ಸಾಲಿಗೆ ಮುಟ್ಟುವ ಹಾಗೆ ಹೇಳುತ್ತೇನೆ. ಗೋಡೆ ಏನು ಕೇಳಿದರೂ ಯಾರೂ ಬಾಯಿ ತೆರೆಯಬೇಡಿ ಎಂದು ಬೇಡಿಕೊಳ್ಳುತ್ತೇನೆ. ಮೌಲಾಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಗಡು ಕೀಳುತ್ತೇನೆ, ಕಿಟಕಿ ಮುಚ್ಚುತ್ತೇನೆ. ಗೋಡೆ ಕತ್ತಲಾದ ಮೇಲೆ ಅವನು ಹತ್ತು ಸಲ ಉಸಿರಾಡುವವರೆಗೆ ಕಾಯುತ್ತೇನೆ. ಆಮೇಲೆ ಕೆಳಗಿನ ಆ ದುಂಡು ಗುರುತನ್ನು ಒತ್ತುತ್ತೇನೆ.