ಕುಟ್ಟಬಾರದ ಮಾತ್ರೆಯನ್ನು ಕುಟ್ಟಿಸಿದವರಿಗೆ

ಕೃಷ್ಣರಾಜಪುರ, ಅಕ್ಟೋಬರ್ 2003

ಮಾನ್ಯ ಔಷಧ ಖರೀದಿ ಅಧಿಕಾರಿಗಳೇ,

ಹನ್ನೆರಡು ಗಂಟೆ ನಿಧಾನವಾಗಿ ಕೆಲಸ ಮಾಡಬೇಕಾದ ಉಬ್ಬಸದ ಮಾತ್ರೆಯನ್ನು ಕುಟ್ಟಿ ಕೊಡಿ ಎಂದು ಅಪ್ಪಣೆ ಕೊಡಿಸಿದವರು ತಾವು. ಅದನ್ನು ನುಂಗಿದ ಹೆಂಗಸು ಸಾವಿನ ಬಾಗಿಲಿಗೆ ಹೋದಾಗ, ಕುಟ್ಟಿದ ನರ್ಸನ್ನು ಅಮಾನತು ಮಾಡಿದವರೂ ತಾವೇ. ಇಷ್ಟು ಕಡಿಮೆ ತಿಳಿವಳಿಕೆಯಲ್ಲಿ ಇಷ್ಟು ದೊಡ್ಡ ಕುರ್ಚಿಯನ್ನು ನಡೆಸುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಅಭಿನಂದನೆಗಳು.

ಆ ಮಾತ್ರೆಯನ್ನು ರೂಪಿಸಿದವನು ನಾನು. ಜೂನ್‌ನಲ್ಲಿ ಮಾದರಿ ಹಿಡಿದು ತಮ್ಮ ಕಚೇರಿಗೆ ಬಂದಿದ್ದೆ. ತಾವು ಒಂದನ್ನು ನೀರಿನ ಲೋಟಕ್ಕೆ ಹಾಕಿ, ಕಾಫಿ ಮುಗಿಸಿ, ಬಗ್ಗಿ ನೋಡಿದಿರಿ.

"ಏನ್ರೀ ಇದು, ಸಬ್ಬಕ್ಕಿ ಥರ ಊದ್ಕೊಂಡಿದೆ? ಲೋಟದಲ್ಲೇ ಕರಗ್ದೇ ಇರೋದು ಹೊಟ್ಟೇಲಿ ಕರಗುತ್ತಾ? ಕುಟ್ಟಿ ಕೊಡೋಕೆ ಹೇಳ್ತೀನಿ ಬಿಡಿ."

ಊದಿಕೊಳ್ಳುವುದೇ ಅದರ ಕೆಲಸ, ಸ್ವಾಮಿ! ಅದರಲ್ಲಿ ನೀರು ಹೀರುವ ಪಾಲಿಮರ್ ಇದೆ. ನೀರು ತಾಗಿದೊಡನೆ ಮೇಲ್ಮೈ ಲೋಳೆಯಾಗುತ್ತದೆ. ಔಷಧ ಆ ಲೋಳೆಯನ್ನು ದಾಟಿ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಕುಟ್ಟಿದರೆ ತಡೆಯುವವರಿಲ್ಲ, ಅರ್ಧ ದಿನದ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುತ್ತದೆ. ಇದನ್ನು ಹೇಳಲು ಬಾಯಿ ತೆರೆದೆ. "ನಂಗೆ ಪಾಠ ಮಾಡ್ಬೇಡಿ. ಆರ್ಡರ್ ಬೇಕೋ ಬೇಡ್ವೋ?" ಎಂದಿರಿ. ಬೇಕಿತ್ತು. ಸುಮ್ಮನಾದೆ.

ಆಗಸ್ಟ್‌ನಲ್ಲಿ ಕಗ್ಗದಾಸಪುರದ ದೊಡ್ಡಮುನಿಯಮ್ಮ, ಮನೆ ಮುಂದೆ ಸೊಪ್ಪು ಮಾರುವವರು, ಉಬ್ಬಸಕ್ಕೆಂದು ತಮ್ಮ ಅಧೀನದ ಚಿಕಿತ್ಸಾಲಯಕ್ಕೆ ಬಂದರು. ನರ್ಸ್ ಫಹ್ಮಿದಾ ತಮಗೆ ಫೋನ್ ಮಾಡಿದರು: "ಸರ್, ಕುಟ್ಬೇಡಿ ಅಂತ ಮಾತ್ರೆ ಪಟ್ಟಿ ಮೇಲೇ ಬರ್ದಿದಾರೆ." ತಮ್ಮ ಉತ್ತರ: "ಹೇಳಿದಷ್ಟು ಮಾಡಮ್ಮಾ." ಆಕೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ದೊಡ್ಡಮುನಿಯಮ್ಮನವರಿಗೆ ವಾಂತಿ, ಕೈನಡುಕ, ಎದೆ ಹಾರುವಷ್ಟು ಬಡಿತ, ಆಮೇಲೆ ಫಿಟ್ಸ್. ಮಗಳು ಹಂಸ ತಾಯಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಓಡಿದಳು. ನಾಲ್ಕು ದಿನದ ಮೇಲೆ ಕಣ್ಣು ಬಿಟ್ಟರು.

ನಾನು ನೋಡಲು ಹೋದೆ. "ನೀನೇನಪ್ಪಾ ಆ ಮಾತ್ರೆ ಮಾಡೋನು? ಸ್ವಲ್ಪ ನೋಡ್ಬಿಟ್ಟು ಮಾಡಬಾರ್ದಾ?" ಎಂದರು, ಸಿಟ್ಟಿಲ್ಲದೆ. ಈಗ ಅವರು ಯಾವ ಮಾತ್ರೆಯನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಸೊಪ್ಪಿನ ಕಟ್ಟು ಬಿಚ್ಚುವಾಗ ಅವರ ಎದೆ ಸುಯ್‌ಗುಟ್ಟುವುದು ಬೀದಿಗೆಲ್ಲ ಕೇಳುತ್ತದೆ.

ತಮ್ಮ ವಿಚಾರಣಾ ವರದಿ ಇದನ್ನು 'ನರ್ಸಿನ ನಿರ್ಲಕ್ಷ್ಯ' ಎನ್ನುತ್ತದೆ. ನಿಜವೇ, ಬಾಯಿಮಾತಿನ ಅಪ್ಪಣೆಗೆ ಕಡತವಿಲ್ಲ, ಸಹಿಯಿಲ್ಲ. ಎಂಥ ಮುಂದಾಲೋಚನೆ! ಔಷಧದ ಬಗ್ಗೆ ಅದರ ಕಾಲುಭಾಗ ಇದ್ದಿದ್ದರೂ ಸಾಕಿತ್ತು. ಆದರೆ ಜೂನ್‌ನಲ್ಲಿ ಕುಟ್ಟಿಸುತ್ತೇನೆಂದು ತಾವು ಹೇಳಿದಾಗ ಆ ಕೋಣೆಯಲ್ಲಿ ನಾನಿದ್ದೆ. ಎಲ್ಲಿ ಕರೆದರೂ ಬಂದು ಸಾಕ್ಷಿ ಹೇಳುತ್ತೇನೆ.

ಹದಿನೈದು ದಿನದೊಳಗೆ ಫಹ್ಮಿದಾ ಅವರ ಅಮಾನತು ರದ್ದಾಗಬೇಕು. ಈ ಮಾತ್ರೆ ಕುಟ್ಟಬಾರದೆಂಬ ಆದೇಶ ಪ್ರತಿ ಚಿಕಿತ್ಸಾಲಯಕ್ಕೂ ಹೋಗಬೇಕು. ಈ ಸಲ ಬರವಣಿಗೆಯಲ್ಲಿ, ತಮ್ಮ ಸಹಿಯೊಂದಿಗೆ. ತಾವೇ ಕಗ್ಗದಾಸಪುರಕ್ಕೆ ಹೋಗಿ, ತಪ್ಪು ಮಾತ್ರೆಯದಲ್ಲ, ತಮ್ಮದು ಎಂದು ದೊಡ್ಡಮುನಿಯಮ್ಮನವರಿಗೆ ಹೇಳಬೇಕು. ಆಕೆ ಮತ್ತೆ ಔಷಧ ನುಂಗುವಂತಾಗಲು ಬೇರೆ ದಾರಿಯಿಲ್ಲ. ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ; ಅಚ್ಚಾದರೆ ನನ್ನ ಕೆಲಸ ಉಳಿಯುವುದಿಲ್ಲ ಎಂದು ನಮ್ಮ ಕಂಪನಿಯ ಮಾಲೀಕರು ಹೇಳಿದ್ದಾರೆ. ಅಚ್ಚಾಗಲಿ.

ಇಂತಿ,
ನಾಲ್ಕು ತಿಂಗಳು ತಡವಾಗಿ ಮಾತು ಬಂದ
ಸುಗತ