ಒಂದೇ ಬಗೆಯ ಎರಡು ಚೀಲ

ತ್ರಿಪ್ಪುಣಿತ್ತುರ
13 ನವೆಂಬರ್ 2025, ಗುರುವಾರ

ಪ್ರೀತಿಯ ನಿಮಗೆ,

...ಈ ಕೀಬೋರ್ಡನ್ನು ಮಡಿಲಲ್ಲಿಟ್ಟುಕೊಂಡರೆ ಸಾಕು, ಮೇಜೂ ಬೇಡ, ಮೌಸೂ ಬೇಡ ಎಂದಿರಿ ಅಲ್ಲವೇ, ಅಥವಾ ಅದು ಅಂಗಡಿಯವನ ಮಾತೋ. ಹಾಲ್‌ನ ಟಿವಿಗೆ ಕಂಪ್ಯೂಟರ್ ಜೋಡಿಸಿದ ದಿನ ಯಾರೋ ಹಾಗೆ ಹೇಳಿದ ನೆನಪು. ಉತ್ತರ ತಡವಾಯಿತು, ಬೇಸರಿಸಬೇಡಿ. ನಿಮ್ಮ ಮೆಸೇಜುಗಳನ್ನೆಲ್ಲ ಓದಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ಕೂಡಲೇ ಉತ್ತರ ಕೊಡುತ್ತೀರಿ. ಕೂಡಲೇ ಬರುವ ಉತ್ತರ ನನಗೆ ಬೇಡವಾಗಿದೆ.

ಇಲ್ಲಿ ಎಲ್ಲ ಕ್ಷೇಮ. ಮೆಟ್ರೋ ಸ್ಟೇಷನ್ನಿನ ಕಡೆ ಮತ್ತೆ ರಸ್ತೆ ಅಗೆದಿದ್ದಾರೆ. ದಿಶಾ ಈಗಲೂ ನನ್ನ ಫೋನ್ ಎತ್ತುವುದಿಲ್ಲ. ಓಣಂಗೂ ಹಾಸ್ಟೆಲಿನಿಂದ ಬರಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಡು ಎಂದದ್ದು ಅಷ್ಟು ದೊಡ್ಡ ಮಾತೇ? “ಮತಿ ಅಮ್ಮೇ, ಮತಿ” ಎಂದು, ‘ಸಾಕು’ ಎನ್ನುವುದನ್ನೂ ಮಲಯಾಳಂನಲ್ಲೇ ಹೇಳಿ, ಬ್ಯಾಗ್ ಎತ್ತಿಕೊಂಡು ಹೋದವಳು. “ನಂಗೂ ಎತ್ತಲ್ಲ ಕಣೇ, ದೊಡ್ಡೋಳಾದ್ಲು, ಬಿಡು” ಎಂದು ನೀವು ಹೇಳಿದ ಮೇಲೆ ಸ್ವಲ್ಪ ಸಮಾಧಾನ. ಇಬ್ಬರಿಗೂ ಒಂದೇ ಶಿಕ್ಷೆಯಾದರೆ ತಡೆದುಕೊಳ್ಳಬಹುದು.

ಸೋಮವಾರ ಬೆಳಗಿನ ರೈಲಿನ ಅವಸರದಲ್ಲಿ ನೀವು ಇಲ್ಲಿಯ ಕೀಬೋರ್ಡನ್ನು ನಿಮ್ಮ ಕೆಲಸದೂರಾದ ಕಳಕ್ಕೂಟಕ್ಕೆ ಒಯ್ದಿರಿ. ಅಂಗಡಿಯಲ್ಲಿ ತೋರಿಸಲು ತಂದಿದ್ದ ನಿಮ್ಮ ಫ್ಲಾಟಿನದು ಸೋಫಾದ ಮೇಲೆ ಉಳಿಯಿತು. ತಪ್ಪು ನಿಮ್ಮದಲ್ಲ. ಜೊತೆಯಲ್ಲೇ ಕೊಂಡ ಎರಡಕ್ಕೂ ಧೂಳು ಕೂರದಿರಲೆಂದು ಹಳೆಯ ಪರದೆಯಿಂದ ಒಂದೇ ಬಗೆಯ ಚೀಲ ಹೊಲಿದವಳು ನಾನು. ಮಧ್ಯಾಹ್ನ ನಿಮ್ಮ ಮೆಸೇಜು: “ಬದಲಾಗಿದೆ. ಹಾಗೇ ಇರಲಿ, ಬಿಚ್ಚಬೇಡ. ಶನಿವಾರ ತರ್ತೀನಿ.” ಕೀಬೋರ್ಡಿನ ಬಗ್ಗೆ ಯಾರೂ ಬಿಚ್ಚಬೇಡ ಎನ್ನುವುದಿಲ್ಲ. ಬಿಚ್ಚಿದೆ.

ಕೀಗಳ ಮೇಲೆಲ್ಲ ಮಲಯಾಳಂ ಅಕ್ಷರಗಳ ಸ್ಟಿಕರ್. ನಿಮಗೆ ಬಸ್ಸಿನ ಬೋರ್ಡು ಓದಲೂ ಬಾರದು.

ಅದನ್ನು ಒತ್ತಿದರೆ ಟಿವಿಯಲ್ಲಿ ಏನೂ ಅಲುಗಲಿಲ್ಲ. ಮೇಲಿನ ಮನೆಯ ಜಾಯ್ಸಳನ್ನು ಕರೆದೆ, ಮಂಗಳೂರಿನವಳು, ನಿಮಗೆ ಗೊತ್ತಲ್ಲ. “ಇದರ ರಿಸೀವರ್ ಅಲ್ಲೇ ಉಂಟು ನಿರ್ಮಲಕ್ಕ, ಇಲ್ಲಿ ಇದು ನಡೀಲಿಕ್ಕಿಲ್ಲ” ಎಂದಳು. ಆಮೇಲೆ ಕೀಗಳನ್ನು ನೋಡಿ ನಕ್ಕಳು. “ಗುರುರಾಜಣ್ಣನಿಗೆ ಈ ವಯಸ್ಸಲ್ಲಿ ಮಲಯಾಳಂ ಕಲಿಸುವ ಟೀಚರ್ ಯಾರಪ್ಪ? ಚಂದ ಇದ್ದಾಳಾ?”

“ನಿಂಗೆ ಟೀ ಬೇಕಾ, ಬೇಡ್ವಾ” ಎಂದೆ.

ಸ್ಟಿಕರುಗಳು ಸವೆದಿವೆ. ನಿನ್ನೆ ಮೊನ್ನೆ ಅಂಟಿಸಿದವಲ್ಲ. ಅಂದಿನಿಂದ ಒಂದು ಚಿತ್ರ ಕಣ್ಣೆದುರು ನಿಂತಿದೆ: ಒಬ್ಬಳು ಇದನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ, ಪಕ್ಕದಲ್ಲಿ ನೀವು. ಅವಳು ಟೈಪು ಮಾಡಿದ್ದು ಎದುರಿನ ಟಿವಿಯಲ್ಲಿ ದೊಡ್ಡದಾಗಿ ಮೂಡುತ್ತದೆ. ನಿಮಗೆ ಓದಲಾಗದು, ಆದರೂ ನೋಡುತ್ತೀರಿ. ಅವಳ ಮುಖ ಮಾತ್ರ ನನಗೆ ಕಾಣುವುದಿಲ್ಲ. ಅಲ್ಲಿಗೆ ಬರುತ್ತೇನೆಂದು ನಾನು ಎರಡು ಸಲ ಹೇಳಿದೆ. “ಇಲ್ಲಿ ನೀರೇ ಬರ್ತಿಲ್ಲ” ಎಂದಿರಿ. ಇನ್ನೊಮ್ಮೆ, “ಓನರ್ ಪೇಂಟ್ ಮಾಡಿಸ್ತಿದ್ದಾನೆ, ವಾಸನೆ ನಿಂಗೆ ಆಗಲ್ಲ.” ಕಾರಣಗಳು ಚೆನ್ನಾಗಿದ್ದವು, ನನ್ನ ಆರೋಗ್ಯದ ಕಾಳಜಿಯೂ ಇತ್ತು. ಒಳ್ಳೆಯ ಕಾರಣಗಳನ್ನು ನಾನು ಈಗ ಎರಡೆರಡು ಸಲ ನೋಡುತ್ತೇನೆ.

ಜಗಳವಾಡಲು ಬರೆಯುತ್ತಿಲ್ಲ. ಅವಳು ಯಾರೆಂದು ಹೇಳಿ, ಸಾಕು.

ಕೀಬೋರ್ಡನ್ನು ಅದರ ಚೀಲದಲ್ಲೇ ಹಾಕಿ, ಈ ಪತ್ರವನ್ನೂ ಒಳಗಿಟ್ಟು ಕೊರಿಯರ್ ಮಾಡುತ್ತೇನೆ. ಶನಿವಾರ ಬರುವ ಅಗತ್ಯವಿಲ್ಲ. ಬಿಪಿ ಮಾತ್ರೆ ತಪ್ಪಿಸಬೇಡಿ. ನಿಮಗೆ ಒಳ್ಳೆಯದಾಗಲಿ; ಸಿಟ್ಟಿನಿಂದ ಹೇಳಿದ ಮಾತಲ್ಲ ಇದು.

ನಿಮ್ಮ
ನಿರ್ಮಲ

ಸಹಿ ಹಾಕಿದ ಮೇಲೆ: ಚೀಲಕ್ಕೆ ತುಂಬುವಾಗ ಕೀಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಟಚ್‌ಪ್ಯಾಡಿನ ಅಂಚಿಗೆ ಗಾಯಕ್ಕೆ ಹಾಕುವ ಪಟ್ಟಿ, ಎರಡು ಪದರ. ಬರೆಯುವಾಗ ಅಂಗೈ ತಗುಲಿ ಬಾಣದ ಗುರುತು ಎಲ್ಲೆಲ್ಲೋ ಓಡದಿರಲೆಂದು ಹೀಗೆ ಅಂಟಿಸುವವಳು ಒಬ್ಬಳೇ. ಇಲ್ಲಿದ್ದಾಗ ಅವಳು ಅಂಟಿಸುತ್ತಿದ್ದಳು, ನೀವು ಕಿತ್ತು ಹಾಕುತ್ತಿದ್ದಿರಿ. ಅಲ್ಲಿ ನೀವು ಕಿತ್ತಿಲ್ಲ.

ಬೇರೆ ಹೆಂಗಸಾಗಿದ್ದರೆ ನನಗೆ ಸುಲಭವಿತ್ತು. ಅವಳನ್ನು ಏನೆಂದು ಬೈಯಬೇಕೆಂದು ಗೊತ್ತಿತ್ತು. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಇರಲಿ. ಇದು ಮೊದಲು ಯಾರ ಕೈಗೆ ಸಿಗುತ್ತದೋ ತಿಳಿಯದು, ಆದ್ದರಿಂದ ಕೊನೆಯ ಸಾಲು ನಿಮಗಲ್ಲ.

ದಿಶಾ, ನಾನು ಅಲ್ಲಿಗೆ ಬರುವುದು ಬೇಡ ಎಂದದ್ದು ಅಪ್ಪನೋ, ನೀನೋ?